ಹತ್ತೂ ಹತ್ತರ ಪಿಕ್ಚರ್

ಈ ಶ್ರಾವಣದಾಗ ನಮ್ಮ ಪುಣೆ ವಾಡೇದ ಗಾರ್ಡ್ ಸಾಹೇಬ್ರು ತೀರಿಕೊಂಡ್ರು. ಹದಿಮೂರನೇ ದಿನ ಊಟಕ್ಕ ಕೂತಾಗ ಒಬ್ಬೊಬ್ರು ಒಂದೊಂದು ಹೇಳಿದ್ರು. ಒಬ್ರು "ಶಿಸ್ತು ಅಂದ್ರ ಅವರ್ದು" ಅಂದ್ರು. ಇನ್ನೊಬ್ರು "ಜನ್ಮ ಎಲ್ಲಾ ರೇಲ್ವೇದಾಗ ತಗದ್ರು, ಒಂದು ಕಪ್ಪು ಚುಕ್ಕಿ ಇಲ್ಲ" ಅಂದ್ರು. ಕೆಳಗಿನ ಮನಿ ಆಜಿ ಮರಾಠಿಯೊಳಗ "ದೇವಮಾಣೂಸ" ಅಂತ ಕಣ್ಣು ಒರಸಿಕೊಂಡ್ರು. ಇದೇ ಆಜಿ ನಳದ ನೀರಿನ ಸಲುವಾಗಿ ಇದೇ ದೇವಮಾಣೂಸನ ಕೂಡ ಎಂಟು ದಿನ ಮಾತು ಬಿಟ್ಟಿದ್ರು. ಸತ್ತ ಮ್ಯಾಲೆ ಎಲ್ಲಾರಿಗೂ ಪ್ರಮೋಶನ್ ಸಿಗ್ತದ, ಇರ್ಲಿ.

ಆದ್ರ ಒಂದು ಮಾತು ಯಾರೂ ಹೇಳ್ಲಿಲ್ಲ. ಈ ಶಿಸ್ತಿನ ಮನಶ್ಯಾ, ಪೊದೆ ಮೀಸಿ, ನಗು ಅಂದ್ರ ರಜಾ ಅರ್ಜಿ ಕೊಟ್ಟು ತಗೊಳ್ಳೋ ವಸ್ತು ಅಂತ ತಿಳದಿದ್ದ ಮನಶ್ಯಾ, ಪ್ರತಿ ದಿವಾಳಿಗೆ ಒಂದು ಲವ್ ಸ್ಟೋರಿ ಪಿಕ್ಚರ್ ನೋಡ್ತಿದ್ರು. ಅದೂ ಪ್ರತಿ ವರ್ಷ ಅದೇ ಪಿಕ್ಚರ್. ಅದೂ ಇಡೀ ವಾಡೇದ ಮಂದೀನ್ನ ಕೂಡಿಸಿ. ಊಟದ ಪಂಕ್ತಿಯೊಳಗ ಅದನ್ನ ಹೇಳ್ಬೇಕಂತ ನಾ ಬಾಯಿ ತಗದೆ. ಅಷ್ಟೊತ್ತಿಗೆ ಬಾಜೂದವ್ರ ಎಲೀ ಮ್ಯಾಲೆ ನನ್ನ ನೀರಿನ ಗ್ಲಾಸ್ ಬಿತ್ತು. ಹಿಂಗಾಗಿ ಇಲ್ಲಿ ಹೇಳ್ಲಿಕ್ಕೆ ಹತ್ತೀನಿ.

ನಾ ಯಾರು ಅಂತ ಕೇಳಬ್ಯಾಡ್ರಿ, ಕೇಳಿದ್ರ ಹೇಳಿಬಿಡ್ತೀನಿ. ಊರು ವಿಜಯಪುರ. ಚಾಕಣದಾಗ ಕಾರಿನ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿಯೊಳಗ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಂದ್ರ ಮಂದಿ ಮಾಡಿದ ತಪ್ಪು ಹುಡಕೂದಕ್ಕ ನನಗ ಪಗಾರ ಕೊಡ್ತಾರ. ನಾ ಮಾಡಿದ ತಪ್ಪು ಹುಡಕೂದಕ್ಕ ಪಗಾರ ಕೊಡ್ತಿದ್ರ ಅರ್ಧ ಪುಣೆಗೆ ನೌಕರಿ ಸಿಗ್ತಿತ್ತು. ಸದಾಶಿವ ಪೇಠದಾಗ, ಒಂದಽ ಅಂಗಳದ ಸುತ್ತ ಹತ್ತು ಮನಿ ಇರೋ ಈ ವಾಡೇಕ್ಕ ಬಾಡಗಿಗೆ ಬಂದ ಮೊದಲ್ನೇ ದಿನಾನೇ ದೊಡ್ಡ ಬಾಗಲದ ಕೀಲಿಯೊಳಗ ನನ್ನ ಕಪಾಟಿನ ಕೀಲಿಕೈ ಹಾಕಿ ತಿರುವಿ ಮುರದೆ. ಎರಡು ತಾಸು ಒಳಗಿನವ್ರು ಒಳಗ, ಹೊರಗಿನವ್ರು ಹೊರಗ. ಗಾರ್ಡ್ ಸಾಹೇಬ್ರು ಮ್ಯಾಲಿನ ಗ್ಯಾಲರಿಯಿಂದ ಬಗ್ಗಿ ನೋಡಿ ಕೇಳಿದ್ರು:

"ಎಲ್ಲಿ ಕೆಲಸಾ ಮಾಡ್ತೀಯೋ?"

"ಚಾಕಣದಾಗ್ರಿ."

"ಅಲ್ಲಿ ಸ್ಟೇಶನ್ನೇ ಇಲ್ಲ. ಅದಕ್ಕಽ ಹಿಂಗ."

ಅವತ್ತಿನಿಂದ ನನ್ನ ಹೆಸರು ಹೋತು, ನಾ ಚಾಕಣ ಆದೆ. ನಾ ಹಾಲು ತರ್ಲಿಕ್ಕೆ ತಡಾ ಮಾಡಿದ್ರೂ, ಬಸ್ ತಪ್ಪಿಸಿಕೊಂಡ್ರೂ, ಅವ್ರು ಹೇಳ್ತಿದ್ದದ್ದು ಒಂದೇ ಮಾತು: "ಸ್ಟೇಶನ್ ಇಲ್ಲದ ಊರಿಂದ ಬಂದವಾ, ಹೊತ್ತಿಗೆ ಸರಿಯಾಗಿ ಎಲ್ಲಿ ಮುಟ್ಟತಾನ?"

ಅವ್ರೂ ಮೂಲ ನಮ್ಮ ಕಡಿಯವ್ರಽ, ದೌಂಡ ಜಂಕ್ಷನ್ನಿನ್ಯಾಗ ಗೂಡ್ಸ್ ಗಾಡಿ ಗಾರ್ಡ್ ಇದ್ರು, ಅಂದ್ರ ಕಡೀ ಡಬ್ಬಿಯೊಳಗ ಕೂತು ಗಾಡಿ ಬಂದ ಹೊತ್ತು, ನಿಂತ ಹೊತ್ತು ಬರಿಯೋರು. ರಿಟೈರ್ ಆಗಿ ವರ್ಷಗಟ್ಟಲೆ ಆಗಿತ್ತು, ಆದ್ರ ಈ ಸುದ್ದಿ ಅವ್ರಿಗೆ ಯಾರೂ ಹೇಳಿದಂಗ ಇರ್ಲಿಲ್ಲ. ಚಹಾ ಕುಡದ ಹೊತ್ತು, ಸ್ನಾನದ ಹೊತ್ತು, ಕಾಕು ಜೋಡಿ ಜಗಳಾ ಸುರು ಆದ ಹೊತ್ತು, ಎಲ್ಲಾ ಒಂದು ಗೀಟಿನ ವಹಿಯೊಳಗ ಬರೀತಿದ್ರು. ಕಾಕು ಅಂದ್ರ ಅವ್ರ ಹೆಂಡ್ತಿ, ಇಡೀ ವಾಡೇಕ್ಕ ಕಾಕು. "ಇವ್ರ ವಹಿಯೊಳಗ ನಾ ಮಾಲ್‌ಗಾಡಿ" ಅಂತಿದ್ರು ಕಾಕು. "ಬಂದದ್ದು, ನಿಂತದ್ದು ಬರೀತಾರ. ಚೊಲೊ ಬಂತು ಅಂತ ಒಂದು ದಿವಸಾನೂ ಬರದಿಲ್ಲ." ಸಾಹೇಬ್ರು ತಲಿ ಎತ್ತದಽ ಅಂತಿದ್ರು: "ಲೇಟ್ ಆಗೂದು ತಪ್ಪಲ್ಲ. ಲೇಟ್ ಆಗಿದ್ದನ್ನ ಬರೀದಿರೂದು ತಪ್ಪು."

ನನ್ನ ಮೊದಲ್ನೇ ದಿವಾಳಿಗೆ ಕಾಕು ಕರದ್ರು: "ತಮ್ಮಾ, ನರಕ ಚತುರ್ದಶಿ ದಿನ ಹತ್ತೂ ಹತ್ತಕ್ಕ ನಮ್ಮನ್ಯಾಗ ಪಿಕ್ಚರ್ ಅದ. ಎಣ್ಣಿ ಸ್ನಾನ ಮುಗಿಸಿ ಫರಾಳಕ್ಕ ಬಾ, ಚಕ್ಕಲಿ ಚೂಡಾ ತಿನ್ನು." ಹತ್ತೂ ಹತ್ತು ಅಂದ್ರ ಹತ್ತೂವರಿ, ಹತ್ತೂವರಿ ಅಂದ್ರ ಹನ್ನೊಂದು ಅಂತ ನಮ್ಮನಿಯೊಳಗ ಕಲಿಸ್ಯಾರ. ಆದ್ರೂ ದೊಡ್ಡವ್ರು ಕರದಾರಂತ ಹತ್ತೂ ಹದಿಮೂರಕ್ಕೇ ಹೋದೆ, ಸ್ವಲ್ಪ ಜಂಬದಿಂದನೇ. ಬಾಗಲಾ ಹಾಕಿತ್ತು. ಬಡದೆ.

"ಗಾಡಿ ಹೋತು" ಅಂತ ಒಳಗಿಂದ ಧ್ವನಿ ಬಂತು.

"ಸಾಹೇಬ್ರ, ನಾನ್ರಿ, ಚಾಕಣ. ಮೂರು ನಿಮಿಷ ಅಷ್ಟೇರಿ..."

"ಮುಂದಿನ ಗಾಡಿ ಮುಂದಿನ ದಿವಾಳಿಗೆ."

ನಂಬ್ರಿ ಬಿಡ್ರಿ, ಆ ಇಡೀ ಪಿಕ್ಚರ್ ನಾ ಬಕೀಟು ಬೋರಲ ಹಾಕಿ, ಅದರ ಮ್ಯಾಲೆ ನಿಂತು, ಕಿಡಕಿ ಸರಳಿನಿಂದ ನೋಡಿದೆ. ನಡಕ ಕಾಕು ಬಂದು ಸರಳಿನ ಸಂದ್ಯಾಗಿಂದ ಎರಡು ಚಕ್ಕಲಿ ಕೊಟ್ರು, ಯರವಡಾ ಜೇಲಿನ ಕೈದಿಗೆ ಕೊಟ್ಟಂಗ. ಕಡೀಕ ಬಕೀಟು ಒಡೀತು, ನಾ ಗ್ಯಾಲರಿಯೊಳಗ ಕಾಕು ಹಾಕಿದ್ದ ರಂಗೋಲಿ ಮ್ಯಾಲೆ ಕೂತೆ. ಅವತ್ತು ದಿನಾ ಎಲ್ಲಾ ನನ್ನ ಹೊಸಾ ಪ್ಯಾಂಟಿನ ಹಿಂದ ಒಂದು ಕಮಲದ ಹೂವು ಇತ್ತು.

ಒಳಗಿನ ವ್ಯವಸ್ಥಾ ಹಿಂಗ: ಹುಡುಗರು ಎಲ್ಲಾರಕಿಂತ ಮುಂದ, ಅದು ಇಂಜಿನ್. ನಡಕ ಮಂದಿ. ಎಲ್ಲಾರ ಹಿಂದ, ಗ್ವಾಡಿಗೆ ಹತ್ತಿಕೊಂಡು ಒಂದು ಕಟಗಿ ಸ್ಟೂಲು, ಅದರ ಮ್ಯಾಲೆ ಸಾಹೇಬ್ರು. ಟಿವಿ ಅವ್ರದು, ಮನಿ ಅವ್ರದು, ಜಾಗಾ ಮಾತ್ರ ಕಡೀ ಡಬ್ಬಿ. "ಹಿಂದ ಕೂತವಗಽ ಗಾಡಿ ಪೂರ್ತಿ ಕಾಣ್ತದ" ಅಂತಿದ್ರು. ಹತ್ತೂ ಹತ್ತಕ್ಕ ಸೀಟಿ ಊದೋರು. ಒಮ್ಮೆ ಸೀಟಿ ಹೊಡದ್ರ ಮುಗೀತು, ಯಾರಿಗೆ ಒಂದಕ್ಕ ಬಂದ್ರೂ ಗಾಡಿ ನಿಲ್ಲೂದಿಲ್ಲ.

ಪಿಕ್ಚರ್ ಹೆಸರು ಹೇಳೂದಿಲ್ಲ. ಹೇಳಿದ್ರ ನೀವು ನೋಡ್ತೀರಿ, ಆಮ್ಯಾಲೆ ನನಗ ಬೈತೀರಿ. ಹಿಂದಿ ಪಿಕ್ಚರ್. ಥೇಟರಿನ್ಯಾಗ ಒಂದು ವಾರ ಓಡಿತ್ತು ಅಂತಾರ, ಬಹುಶಃ ಮಂದಿ ಅದನ್ನ ಬಿಟ್ಟು ಓಡಿದ್ದು. ಸಾಹೇಬ್ರು ಅದರ ಡಿವಿಡಿ ದೌಂಡ ಸ್ಟೇಶನ್ ಹೊರಗ ಕೊಂಡಿದ್ರು. ಕಥಿ ಏನಂದ್ರ, ಹೀರೋ ಪಟಾಕಿ ಅಂಗಡಿಯವ್ರ ಮಗ. ಹೀರೋಯಿನ್ನಿಗೆ ಪಟಾಕಿ ಸದ್ದು ಕೇಳಿದ್ರ ಮೂರ್ಛಿ ಬರ್ತದ. ಹಿಂಗಿದ್ದ ಮ್ಯಾಲೆ ಪ್ರೀತಿ ಆಗದಽ ಇರ್ತದೇನು? ಆರು ಹಾಡು, ನಾಕು ಜಗಳಾ ಆದ ಮ್ಯಾಲೆ ಹುಡುಗಿ ಅಪ್ಪ ಹೇಳ್ತಾನ: ದಿವಾಳಿ ದೀಪ ಆರೂದ್ರಾಗ ಬಂದು ಕೇಳಿದ್ರ ಮಗಳನ್ನ ಕೊಡ್ತೀನಿ, ಇಲ್ಲಂದ್ರ ಇಲ್ಲ. ಹೀರೋ ಬಸ್ ಹತ್ತತಾನ. ಘಾಟಿನ್ಯಾಗ ಬಸ್ ಕೆಡ್ತದ. ಹೀರೋ ಆಕಾಶ ನೋಡಿ ಬಾಯಿ ತಗೀತಾನ.

ಅಲ್ಲಿಗೆ ಡಿವಿಡಿ ನಿಲ್ಲತದ.

ಅದರ ಮ್ಯಾಲೆ ಒಂದು ಗೀರು ಇತ್ತು. ಪ್ರತಿ ವರ್ಷ ಹೀರೋ ಅಲ್ಲೇ ಬಾಯಿ ತಕ್ಕೊಂಡು ನಿಲ್ಲಾಂವ, ದಂತವೈದ್ಯರ ಮುಂದ ಕೂತಂಗ. ಅದಾದ ಮ್ಯಾಲೆ ಪಿಕ್ಚರ್ ಸೀದಾ ಮದಿವಿ ಹಾಡಿಗೆ ಜಿಗೀತಿತ್ತು. ನಡಕಿಂದು ಒಂಬತ್ತು ನಿಮಿಷ ಮಾಯ. ಆ ಒಂಬತ್ತು ನಿಮಿಷಕ್ಕ ಸಾಹೇಬ್ರು ಸ್ಟೂಲಿನಿಂದ ಎದ್ದು ನಿಲ್ಲೋರು. ಅಂಗಿ ಗುಂಡಿ ಹಾಕ್ಕೊಳ್ಳೋರು. ಒಂದು ಸಾಲು ಕನ್ನಡದಾಗ, ಒಂದು ಸಾಲು ಮರಾಠಿಯೊಳಗ ಕಥಿ ಹೇಳೋರು.

"ಹುಡುಗ ಹೋಗಿ ಮುಟ್ಟಬೇಕಾದ್ರ ಎರಡು ದಿನ ಲೇಟ್. ಬೀದ್ಯಾಗ ಬರೇ ಸುಟ್ಟ ಪಟಾಕಿ ಕಾಗದ. ಎಲ್ಲಾರ ಮನಿ ಹಣತಿ ಒಣಗ್ಯಾವು. ಇಂವಾ ಇನ್ನ ಯಾವ ಮಾರಿ ತಗೊಂಡು ಒಳಗ ಹೋಗಾಂವ? ಬಾಗಲಾ ಬಡೀತಾನ, ತಿರುಗಿ ಹೋಗೂಣು ಅಂತಽ ಬಡೀತಾನ. ಹುಡುಗಿ ಬಾಗಲಾ ತಗೀತಾಳ. ನೋಡ್ತಾನ, ಅಂಗಳದಾಗ ಹೊಸಾ ರಂಗೋಲಿ. ಹಂಡೇದಾಗ ಬಿಸಿನೀರು. ಆಕಿ ಕೈಯಾಗ ಎಣ್ಣಿ ಬಟ್ಟಲಾ. 'ಹಬ್ಬ ಮುಗೀತಲ್ಲ' ಅಂತಾನ ಇಂವಾ. 'ಯಾರ ಮನ್ಯಾಗ ಮುಗೀತು? ನಮ್ಮನ್ಯಾಗ ಇವತ್ತು ಹಬ್ಬ' ಅಂತಾಳ ಆಕಿ. 'ಪಂಚಾಂಗದಾಗ...' ಅಂತಾನ. 'ಪಂಚಾಂಗ ಏನು ನಮ್ಮನಿಗೆ ಬಂದು ಊಟಾ ಮಾಡ್ತದೇನು? ಮಣೀ ಮ್ಯಾಲೆ ಕೂಡ್ರಿ, ಎಣ್ಣಿ ಹಚ್ಚತೀನಿ.'"

ಇಷ್ಟು ಹೇಳೂದ್ರಾಗ ಆ ಪೊದೆ ಮೀಸಿ ನಡಗೂದು. ಆಜಿ ಸೆರಗು ಹುಡಕೋರು. ಅಡಗಿಮನ್ಯಾಗ ಚಕ್ಕಲಿ ಕರಿಯೋ ಸಪ್ಪಳ ನಿಲ್ಲೂದು. ಒಂಬತ್ತು ನಿಮಿಷ ಆದ ಮ್ಯಾಲೆ ಸಾಹೇಬ್ರು ಕೂತು ವಹಿಯೊಳಗ ಬರಿಯೋರು: '೧೧.೫೨ ನಿಂತಿತು. ೧೨.೦೧ ಹೊಂಟಿತು. ಕಾರಣ: ಲೈನ್ ಖರಾಬ.'

ಎರಡನೇ ವರ್ಷ ನಾ ಒಂಬತ್ತೂವರಿಗೇ ಹೋಗಿ ಬಾಗಲದಾಗ ಕೂತೆ. ಖುಷಿ ಆಗಿ ನನ್ನ ಕೈಯಾಗ ರಿಮೋಟ್ ಕೊಟ್ರು. "ಇವತ್ತಿನಿಂದ ಚಾಕಣ ಡ್ರೈವರ್. ನಾ ಸೀಟಿ ಊದಿದ ಮ್ಯಾಲೆ ಒತ್ತಬೇಕು. ಮೊದಲ ಅಲ್ಲ, ಆಮ್ಯಾಲೆ ಅಲ್ಲ." ಫ್ಯಾಕ್ಟರಿಯೊಳಗ ನನಗ ಇಷ್ಟು ದೊಡ್ಡ ಹುದ್ದೆ ಯಾರೂ ಕೊಟ್ಟಿಲ್ಲ. ಅಧಿಕಾರ ತಲಿಗೇರಿತು. ಕ್ವಾಲಿಟಿ ಇನ್‌ಸ್ಪೆಕ್ಟರ್ ಬ್ಯಾರೆ. ಎಲ್ಲೆರ ಒಂದು ಗೀರು ಕಂಡ್ರ ಕೈ ಕಡೀತದ.

ಮೂರನೇ ವರ್ಷ, ಯಾರೂ ನೋಡದ ಪಿಕ್ಚರ್ ಇಡೋ ಒಂದು ಆ್ಯಪಿನ್ಯಾಗ ಅದೇ ಪಿಕ್ಚರ್ ನನಗ ಸಿಕ್ತು. ಪೂರ್ತಿ. ಗೀರಿಲ್ಲದ್ದು. ನನಗ ಎಷ್ಟು ಆನಂದ ಆತಂದ್ರ, ಯಾರಿಗೂ ಹೇಳದಽ ಸರ್‌ಪ್ರೈಸ್ ಕೊಡಬೇಕಂತ ನಿರ್ಧಾರ ಮಾಡಿದೆ. ನನ್ನ ಜೀವನದಾಗಿನ ಎಲ್ಲಾ ಅನಾಹುತಗಳೂ ಇದೇ ವಾಕ್ಯದಿಂದಽ ಸುರು ಆಗ್ಯಾವು. ಹತ್ತೂ ಹತ್ತಕ್ಕ ಸೀಟಿ ಆತು, ನಾ ಮೊಬೈಲಿನಿಂದ ಟಿವಿಗೆ ಹಚ್ಚಿದೆ. ಚಿತ್ರ ಕನ್ನಡಿ ಹಂಗ. ಹೀರೋನ ಮಾರಿ ಮ್ಯಾಲೆ ಮೊಡವಿ ಇದ್ದದ್ದು ಎಲ್ಲಾರಿಗೂ ಮೊದಲ್ನೇ ಸಲ ಗೊತ್ತಾತು.

ಹನ್ನೊಂದೂ ಐವತ್ತೆರಡಕ್ಕ ಸಾಹೇಬ್ರು ರೂಢಿ ಪ್ರಕಾರ ಎದ್ದು ಅಂಗಿ ಗುಂಡಿ ಹಾಕ್ಕೊಂಡ್ರು. ಪಿಕ್ಚರ್ ನಿಲ್ಲಲಿಲ್ಲ.

ಖರೇ ಸೀನ್ ಏನಿತ್ತು ಗೊತ್ತದೇನ್ರಿ? ಹೀರೋ ಬ್ಯಾಂಡಿನವ್ರ ಟೆಂಪೋ ಹತ್ತಿ, ಹೊತ್ತಿಗೆ ಸರಿಯಾಗಿ ಬಂದು ಇಳೀತಾನ. ರಾಕೆಟ್ ಹಾರಸ್ತಾನ. ಅದು ಹೋಗಿ ಹುಡುಗಿ ಅಪ್ಪನ ಧೋತರದಾಗ ಸೇರ್ತದ. ಅಪ್ಪ ಉರಕೋತ ಓಡಿ ಹೋಗಿ ಗುಲಾಬ್ ಜಾಮೂನಿನ ಪಾತೇಲಿಯೊಳಗ ಕೂಡ್ತಾನ. ಪಾಕದಾಗಿಂದಽ ಎರಡೂ ಕೈ ಎತ್ತಿ ಆಶೀರ್ವಾದ ಮಾಡ್ತಾನ. ಒಂಬತ್ತು ನಿಮಿಷದಾಗ ಹುಡುಗಿಗೆ ಒಂದು ಮಾತಿಲ್ಲ. ಆಕಿ ಮೂರ್ಛಿ ಹೋಗಿರ್ತಾಳ.

ಇಡೀ ಖೋಲಿ ಬಿದ್ದು ಬಿದ್ದು ನಕ್ತು. ಆಜಿ ಹಿಂದ ಹೊಳ್ಳಿ, "ಕಾಯ್ ಗಾರ್ಡ್ ಸಾಹೇಬ, ಇಷ್ಟು ವರ್ಷ ನಮಗ ಚೊಲೋ ಟೋಪಿ ಹಾಕಿದ್ರಿ!" ಅಂತ ಅಂದ್ರು. ಸಾಹೇಬ್ರು ಇನ್ನಾ ನಿಂತಽ ಇದ್ರು. ಆಮ್ಯಾಲೆ ಒಂದೊಂದಽ ಗುಂಡಿ ಬಿಚ್ಚಿ ಕೂತ್ರು. ವಹಿ ತಗದು ಬರದ್ರು. ನಾ ಪ್ರಶಸ್ತಿ ತಗೋಳಾವ್ನಂಗ ಬಾಜೂ ಹೋಗಿ ನಿಂತು ಓದಿದೆ: 'ಎಲ್ಲೂ ನಿಲ್ಲಲಿಲ್ಲ.'

"ಹೆಂಗಾತ್ರಿ ಸಾಹೇಬ್ರ?"

"ಸ್ವಚ್ಛ ಅದ" ಅಂದ್ರು.

ನಾ ಇದನ್ನ ಹೊಗಳಿಕಿ ಅಂತ ತಿಳಕೊಂಡೆ. ಒಂದು ವರ್ಷ ಪೂರ್ತಿ ಹಂಗಽ ತಿಳಕೊಂಡಿದ್ದೆ. ಅಷ್ಟು ಶಾಣ್ಯಾ ನಾನು.

ನಾಕನೇ ದಿವಾಳಿ. ಒಂಬತ್ತೂವರಿಗೆ ಹೋದೆ. ಬಾಗಲಾ ತಗದಿತ್ತು. ಸಾಹೇಬ್ರು ಪೇಪರ್ ಓದಲಿಕ್ಕೆ ಹತ್ತಿದ್ರು. ಟಿವಿ ಮ್ಯಾಲೆ ಟವೆಲ್ ಹೊಚ್ಚಿತ್ತು.

"ಸಾಹೇಬ್ರ, ಪಿಕ್ಚರ್?"

"ನಿನ್ನ ಮೊಬೈಲ್‌ನ್ಯಾಗ ಅದಲ್ಲ. ಎಲ್ಲಾರೂ ಅವರವ್ರ ಮನ್ಯಾಗ ನೋಡ್ರಿ. ಈ ಲೈನ್ ಬಂದ್ ಆಗ್ಯದ."

ಹತ್ತೂ ಹತ್ತಕ್ಕ ವಾಡೇದ ಮಂದಿ ಎಲ್ಲಾ ಹೊಸಾ ಅರಬಿ ಹಾಕ್ಕೊಂಡು ಅಂಗಳದಾಗ ನಿಂತಿದ್ರು, ಎಲ್ಲಿ ಹೋಗಬೇಕು ಗೊತ್ತಾಗದ. ನಾ ಮ್ಯಾಲೆ ನೋಡಿದೆ. ಗ್ಯಾಲರಿಯೊಳಗ, ಪಾರಿವಾಳ ಬರಬಾರದಂತ ಕಟ್ಟಿದ ದಾರಕ್ಕ ಆ ಡಿವಿಡಿ ಜೋತಾಡಕೋತ ಮಿರಮಿರ ತಿರಗತಿತ್ತು. ಅದಕ್ಕ ಬೆನ್ನು ಹಚ್ಚಿ ಒಂದು ಪಾರಿವಾಳ ಕೂತಿತ್ತು.

ಅಡಗಿಮನಿಗೆ ಹೋದೆ. ಕಾಕು ಕರ್ಚಿಕಾಯಿ ಡಬ್ಬಿಗೆ ತುಂಬಲಿಕ್ಕೆ ಹತ್ತಿದ್ರು. "ಕಾಕು, ಸಾಹೇಬ್ರಿಗೆ ಇಷ್ಟು ಸಿಟ್ಟು ಯಾಕ್ರಿ? ನಾ ಪಿಕ್ಚರ್ ರಿಪೇರಿ ಮಾಡಿದ್ದೆ ಅಷ್ಟೇ."

ಕಾಕು ಡಬ್ಬಿ ಮುಚ್ಚಳಾ ಹಾಕಿ ನನ್ನ ನೋಡಿದ್ರು.

"ದೌಂಡ ಕ್ವಾರ್ಟರ್ಸ್‌ನ್ಯಾಗ ಇದ್ದಾಗ ಇವ್ರು ಒಂದು ದಿವಾಳಿಗೂ ಮನ್ಯಾಗ ಇರ್ಲಿಲ್ಲೋ ತಮ್ಮಾ. ಮಾಲ್‌ಗಾಡಿಗೇನು ಹಬ್ಬ? ಎರಡು ದಿನಕ್ಕ ಬರೋರು, ಒಮ್ಮೆ ಐದು ದಿನಕ್ಕ ಬಂದ್ರು. ಯಾವತ್ತು ಬಂದ್ರೋ ಅವತ್ತು ನಾ ನೀರು ಕಾಸಿ ಎಣ್ಣಿ ಹಚ್ಚತಿದ್ದೆ. ಬಾಜೂದವ್ರು ನಗೋರು, ಈಕಿದು ಬಾಸಿ ಹಬ್ಬ, ತಂಗಳ ಹಬ್ಬ ಅಂತ. ಇವ್ರು ಅದರ ಬಗ್ಗೆ ನನ್ನ ಮುಂದ ಬಾಯಿಂದ ಒಂದು ಮಾತು ಆಡಿಲ್ಲ. ಹೊಗಳಿಕಿ ಇವ್ರಿಗೆ ಬರೂದಽ ಇಲ್ಲ. ವರ್ಷಕ್ಕ ಒಂದು ಒಂಬತ್ತು ನಿಮಿಷ, ಆ ಪಿಕ್ಚರ್ ಹುಡುಗಿ ನೆವಾ ಮಾಡ್ಕೊಂಡು ಹೇಳ್ತಿದ್ರು. ನಾ ಇಲ್ಲೇ ನಿಂತು ಕೇಳ್ತಿದ್ದೆ." ಡಬ್ಬಿ ಕಪಾಟಿನ್ಯಾಗ ಇಟ್ರು. "ನೀ ಬಂದು ರಿಪೇರಿ ಮಾಡಿದಿ."

ಜೀವನದಾಗ ಎಷ್ಟೋ ಮಂದಿ ನನಗ ಕತ್ತಿ, ಕ್ವಾಣಾ, ಹೆಡ್ಡ ಎಲ್ಲಾ ಅಂದಾರ. ಒಂದೂ ಹತ್ತಿಲ್ಲ. ಇದು ಹತ್ತಿತು. ಇದರಾಗ ಬೈಗಳನೂ ಇರ್ಲಿಲ್ಲ.

ಹಿಂಗಾಗಿ ಹೋದ ವರ್ಷ, ಐದನೇ ದಿವಾಳಿಗೆ, ನಾ ಎಂಟು ದಿನ ಮೊದಲಽ ಸಾಹೇಬ್ರ ಮುಂದ ಹೋಗಿ ನಿಂತೆ. "ಸಾಹೇಬ್ರ, ಆ ಆ್ಯಪಿನ್ಯಾಗಿಂದ ಪಿಕ್ಚರ್ ತಗದಾರ್ರಿ. ಈಗ ಇಡೀ ಜಗತ್ತಿನ್ಯಾಗ ನಿಮ್ಮ ಡಿವಿಡಿ ಒಂದೇ ಉಳದದ." ಸುಳ್ಳು. ಆದ್ರ ಆ ಪಿಕ್ಚರಿನ ಮಟ್ಟ ನೋಡಿದವ್ರು ಯಾರಾದ್ರೂ ನಂಬಿಬಿಡ್ತಾರ.

"ಡಿವಿಡಿ ಪಾರಿವಾಳದ ಡ್ಯೂಟಿ ಮ್ಯಾಲೆ ಅದ" ಅಂದ್ರು ಸಾಹೇಬ್ರು.

"ಒಂದು ದಿವಸ ರಜಾ ಕೊಡ್ರಿ ಅದಕ್ಕ. ಹುಡುಗರು ಕೇಳ್ಲಿಕ್ಕೆ ಹತ್ಯಾವು."

ಪೇಪರಿನ ಮ್ಯಾಲಿಂದ ಕಣ್ಣು ಬಂದವು, ಹೋದವು. "ಹತ್ತೂ ಹತ್ತು ಅಂದ್ರ ಹತ್ತೂ ಹತ್ತು."

ಡಿವಿಡಿ ಇಳಿಸಿದೆ. ಎರಡು ಮಳಿಗಾಲ ನೋಡಿತ್ತು ಅದು. ಪಾರಿವಾಳಗಳು ತಮ್ಮ ಅಭಿಪ್ರಾಯ ಅದರ ಮ್ಯಾಲೆ ಸ್ಪಷ್ಟವಾಗಿ ತಿಳಿಸಿದ್ದುವು. ತೊಳದೆ. ಟೂಥ್‌ಪೇಸ್ಟ್ ಹಚ್ಚಿದ್ರ ಡಿವಿಡಿ ಸ್ವಚ್ಛ ಆಗ್ತದಂತ ಯಾರೋ ಹೇಳಿದ್ರು, ಹಚ್ಚಿ ತಿಕ್ಕಿದೆ. ಎಲ್ಲಿ ಬಿಡ್ರಿ, ಕ್ವಾಲಿಟಿ ಇನ್‌ಸ್ಪೆಕ್ಟರ್, ಅರ್ಧಾ ತಾಸು ತಿಕ್ಕಿದೆ.

ಚತುರ್ದಶಿ. ಸೀಟಿ ಆತು. ಒತ್ತಿದೆ. ಚಿತ್ರ ಬಂತು, ಮಂದಿ ಚಪ್ಪಾಳಿ ಹೊಡದ್ರು. ನಡುನಡುವ ಎಲ್ಲೆರ ಒಂದೊಂದು ಸಲ ಕೆಮ್ಮಿತು, ಮುಂದ ಹೋತು. ಘಾಟು ಬಂತು. ಬಸ್ ಕೆಡ್ತು. ಹೀರೋ ಆಕಾಶ ನೋಡಿ ಬಾಯಿ ತಗದಾ. ಹಿಂದ ಸ್ಟೂಲು ಕಿರ್ರ ಅಂತು, ಸಾಹೇಬ್ರು ಎದ್ರು. ಅಡಗಿಮನಿ ಬಾಗಲದಾಗ ಕಾಕು ಕರಿಯೋ ಝಾರಾ ಹಿಡಕೊಂಡು ಬಂದು ನಿಂತ್ರು.

ಹೀರೋ ಬಾಯಿ ಮುಚ್ಚಿದಾ.

ಟೂಥ್‌ಪೇಸ್ಟಿನಿಂದ ಆ ಒಂದು ಗೀರು ಹೋಗಿಬಿಟ್ಟಿತ್ತು! ಉಳದ ಎಲ್ಲಾ ಗೀರು ಹಂಗಽ ಇದ್ದುವು, ಬೇಕಾದ ಒಂದು ಗೀರು ಹೋಗಿತ್ತು. ದೂರದಾಗ ಬ್ಯಾಂಡಿನ ಸಪ್ಪಳ ಸುರು ಆತು. ಟೆಂಪೋ ಬರ್ಲಿಕ್ಕೆ ಹತ್ತಿತ್ತು. ಹಿಂದ ಹೊಳ್ಳಿ ನೋಡಿದೆ, ಸಾಹೇಬ್ರ ಕೈ ಮ್ಯಾಲಿನ ಗುಂಡಿಗೆ ಹೋಗಿತ್ತು, ಬಿಚ್ಚಲಿಕ್ಕೆ. ರಿಮೋಟ್ ಒತ್ತಿದೆ, ಪ್ಲೇಯರ್ ಕೇಳ್ಲಿಲ್ಲ. ಅದೂ ಬಹುಶಃ ಚಾಕಣದ್ದಽ.

ನೀರು ಕುಡೀಲಿಕ್ಕೆ ಎದ್ದಂಗ ಮಾಡಿ ಎದ್ದೆ. ಟಿವಿ ವಾಯರಿನ್ಯಾಗ ಕಾಲು ಹಾಕಿದೆ. ಜಗ್ಗಿದೆ.

ಟಿವಿ ಢಪ್ ಅಂತ ಬಂದ್ ಆತು. ಜೋಡಿಗೆ ನಾ ಬಿದ್ದೆ, ಟೀಪಾಯಿ ಬಿತ್ತು, ಟೀಪಾಯಿ ಮ್ಯಾಲಿನ ಚೂಡಾದ ಪರಾತ ಹಾರಿ ಆಜಿ ಉಡ್ಯಾಗ ಬಿತ್ತು. ವಾಯರ್ ಅಷ್ಟೇ ನನ್ನ ಪ್ಲ್ಯಾನಿನ್ಯಾಗ ಇತ್ತು. ಉಳದದ್ದು ಪ್ರತಿಭಾ.

"ಇಂವಾ ಮತ್ತ ಮಾಡಿದಾ!" ಅಂತ ಇಡೀ ಖೋಲಿ ಒದರಿತು. ಐದು ವರ್ಷದ ನನ್ನ ಹೆಸರು ಅವತ್ತು ಕೆಲಸಕ್ಕ ಬಂತು, ಒಬ್ರಿಗೂ ಸಂಶೇ ಬರ್ಲಿಲ್ಲ. ಒಬ್ಬ ಹುಡುಗ ವಾಯರ್ ಹಚ್ಚಲಿಕ್ಕೆ ಹೋದಾ, ಆಜಿ ಉಡ್ಯಾಗಿನ ಶೇಂಗಾ ಆರಿಸಿ ತಿನ್ಕೋತ ಅವನ್ನ ತಡದ್ರು. "ರಾಹೂ ದೇ ರೇ, ಇರ್ಲಿ ಬಿಡು. ಆ ಧೋತರದ ಬೆಂಕಿ ಯಾರಿಗೆ ಬೇಕು? ಗಾರ್ಡ್ ಸಾಹೇಬ, ನಿಮ್ಮದೇ ಹೇಳ್ರಿ."

ಸಾಹೇಬ್ರು ಕೆಳಗ ಬಿದ್ದಿದ್ದ ನನ್ನ ನೋಡಿದ್ರು. ವಾಯರ್ ನೋಡಿದ್ರು. ಮತ್ತ ನನ್ನ ನೋಡಿದ್ರು. ಬಿಚ್ಚಿದ ಗುಂಡಿ ಹಾಕ್ಕೊಂಡ್ರು.

"ಹುಡುಗ ಹೋಗಿ ಮುಟ್ಟಬೇಕಾದ್ರ ಎರಡು ದಿನ ಲೇಟ್..."

ಸುಟ್ಟ ಕಾಗದ ಬಂತು, ಒಣಗಿದ ಹಣತಿ ಬಂದುವು, ಬಾಗಲಾ ಬಂತು. "ಹಂಡೇದಾಗ ಬಿಸಿನೀರು. ಆರಿ ಹೋಗ್ತದಂತ ಎರಡು ಸಲ ಕಾಸಿದ್ಲು ಹುಡುಗಿ..."

"ಮೂರು ಸಲ" ಅಂದ್ರು ಕಾಕು ಅಡಗಿಮನಿ ಬಾಗಲದಾಗಿಂದ.

ಇಷ್ಟು ವರ್ಷದಾಗ ಕಾಕು ನಡಕ ಬಾಯಿ ಹಾಕಿದ್ದು ಅದೇ ಮೊದಲ. ಸಾಹೇಬ್ರು ನಿಂತ್ರು. ಅವ್ರ ಗಾಡಿ ಹಿಂಗ ನಡಕ ನಿಂತದ್ದು ನಾ ಎಂದೂ ನೋಡಿರ್ಲಿಲ್ಲ. ಆ ಕಡೆ ಹೊಳ್ಳಿ ನೋಡಿ, ವರದಿ ತಿದ್ದಿದಂಗ ಮೆಲ್ಲಕ ಅಂದ್ರು: "ಮೂರು ಸಲ."

ಎಲ್ಲಾರೂ ಹೋದ ಮ್ಯಾಲೆ ನಾ ಚೂಡಾ ಬಳೀಲಿಕ್ಕೆ ಹತ್ತಿದ್ದೆ. ಸಾಹೇಬ್ರು ವಹಿ ತಗದು ಕೂತ್ರು. "೧೧.೫೨ ನಿಂತಿತು" ಅಂತ ಬರಕೋತ, "ಕಾರಣ ಏನು ಬರೀಲಿ?" ಅಂತ ಕೇಳಿದ್ರು.

"ನನ್ನ ಕಾಲು ಬರೀರಿ ಸಾಹೇಬ್ರ."

ಬರೀಲಿಲ್ಲ. ವಹಿ ಮುಚ್ಚಿದ್ರು. "ಚಾಕಣ, ಐದು ವರ್ಷದಾಗ ಇವತ್ತೊಂದು ದಿವಸ ಹೊತ್ತಿಗೆ ಸರಿಯಾಗಿ ಬಂದಿ" ಅಂದ್ರು. ನನ್ನ ಸರ್ವಿಸ್ ಬುಕ್ಕಿನ್ಯಾಗ ಬರದಿಡೋ ಮಾತು ಇದೊಂದೇ. ಫ್ಯಾಕ್ಟರಿಯವ್ರು ಒಪ್ಪಿಕೊಳ್ಳವಲ್ರು.

ಈ ವರ್ಷ ದಿವಾಳಿ ಹತ್ತರ ಬಂದದ. ಮೊನ್ನೆ ಮೆಟ್ಟಲದಾಗ ಕಾಕು ಸಿಕ್ರು. ಏನು ಮಾತಾಡಬೇಕು ತಿಳೀದ, ಅಗದೀ ದೊಡ್ಡ ಮನಶ್ಯಾರಂಗ ಅಂದೆ, "ಈ ವರ್ಷ ನಿಮಗ ಹಬ್ಬ ಇಲ್ಲಲ್ಲರಿ ಕಾಕು. ನನಗೂ ಚತುರ್ದಶಿಗೆ ಶಿಫ್ಟ್ ಬಿದ್ದದ. ಹಬ್ಬದ ಕಡೀ ದಿನ ಭಾವ್‌ಬೀಜ, ಅದಾದ ಮೂರನೇ ದಿನಕ್ಕ ಸೂಟಿ."

"ಹಂಗಾರ ಮೂರನೇ ದಿನಕ್ಕ ಬಾ."

"ಅಷ್ಟೊತ್ತಿಗೆ ಎಲ್ಲಾ ಮುಗದಿರ್ತದಲ್ಲರಿ. ಅದೂ ಅಲ್ಲದ, ವರ್ಷ ತುಂಬೂತನಕಾ ಮಾಡಬಾರದಂತ ಪಂಚಾಂಗದಾಗ..."

"ಪಂಚಾಂಗ ಏನು ನಮ್ಮನಿಗೆ ಬಂದು ಊಟಾ ಮಾಡ್ತದೇನು?"

ನಾ ಅಂದೆ, "ಪಿಕ್ಚರ್ ಹಾಕ್ತೀನ್ರಿ. ವಾಯರ್ ನಾನಽ ಜಗ್ಗತೀನಿ. ಆದ್ರ ಆ ಒಂಬತ್ತು ನಿಮಿಷ ಯಾರು ಹೇಳೂದು?"

"ನಾನಽ ಹೇಳ್ತೀನಿ" ಅಂದ್ರು ಕಾಕು. "ಇವ್ರಿಗೆ ಅರ್ಧಾ ಕಥೀನಽ ಗೊತ್ತಿತ್ತು. ಇವ್ರು ಬಾಗಲಾ ಬಡದವ್ರು. ತಗದಾಕಿ ನಾನು."

ಎರಡು ಮೆಟ್ಟಲಾ ಏರಿ ಮತ್ತ ಹೊಳ್ಳಿ ನೋಡಿದ್ರು.

"ಹತ್ತೂ ಹನ್ನೊಂದಕ್ಕ ಬಂದ್ರ ಮಾತ್ರ ನಿನಗ ಬಾಗಲಾ ತಗಿಯೂದಿಲ್ಲ ನೋಡು."